ಬಾಡಿಗೆ ಅಮ್ಮನಿಗೆ, ಕಟ್ಟಡ ಮಗನಿಗೆ: ಹಾಗಾದ್ರೆ ಅಗ್ರಿಮೆಂಟ್‌ಗೆ ಸಹಿ ಹಾಕಬೇಕಾದವರು ಯಾರು?

ಹುಳಿಮಾವು: ಬನ್ನೇರುಘಟ್ಟ ರಸ್ತೆಗೆ ಸೇರುವ ಒಂದು ಅಡ್ಡರಸ್ತೆ. ಮೂರಂತಸ್ತಿನ ಕಟ್ಟಡ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಎರಡು ಬಾಡಿಗೆ ಮನೆ. ಕಟ್ಟಿಸಿದ ಯಜಮಾನರು ತೀರಿಕೊಂಡಿದ್ದಾರೆ. ಖಾತೆ ಅವರ ಹೆಂಡತಿಯ ಹೆಸರಲ್ಲಿದೆ. ಬಾಡಿಗೆ ತಗೊಳ್ಳೋರೂ ಅವರೇ. ಅಂಗಡಿಯವರು ಆ ಅಮ್ಮನ ಜೊತೆ 9 ವರ್ಷಕ್ಕೆ ಅಗ್ರಿಮೆಂಟ್ ಮಾಡಿಕೊಂಡು, ನೋಂದಣಿ ಮಾಡಿಸಿ, 6 ಲಕ್ಷ ಅಡ್ವಾನ್ಸ್ ಕೊಟ್ಟು, ರ‍್ಯಾಕು, ಶಟರು, ವೈರಿಂಗ್ ಅಂತ ಇನ್ನೂ 5 ಲಕ್ಷ ಹಾಕಿದ್ದಾರೆ.

ಮೂರನೇ ವರ್ಷ ಆ ತಾಯಿ ತೀರಿಕೊಳ್ಳುತ್ತಾರೆ. ಹದಿನೈದು ದಿನ ಕಳೆದ ಮೇಲೆ ಮಗ ಅಂಗಡಿಗೆ ಬಂದು, "ಅಮ್ಮನ ಜೊತೆ ಮಾಡ್ಕೊಂಡ ಅಗ್ರಿಮೆಂಟು ಅಮ್ಮನ ಜೊತೆಗೇ ಮುಗೀತು ಅಣ್ಣ, ಜಾಗ ಖಾಲಿ ಮಾಡಿಕೊಡಿ" ಅನ್ನುತ್ತಾರೆ. ಕೈಯಲ್ಲಿ ಅಪ್ಪ ಬರೆದಿಟ್ಟ ಉಯಿಲು. ಅದರಲ್ಲಿ ಇರುವುದು ಇಷ್ಟು: ಹೆಂಡತಿ ಬದುಕಿರುವವರೆಗೆ ಈ ಸ್ವತ್ತಿನ ಬಾಡಿಗೆ ಪಡೆದು ಅನುಭವಿಸಬೇಕು, ಮಾರುವ ಹಕ್ಕಿಲ್ಲ. ಆಕೆಯ ನಂತರ ಸ್ವತ್ತು ಮಗನಿಗೆ ಸೇರಬೇಕು.

ಇದು ಉದಾಹರಣೆಗೆ ಕಟ್ಟಿದ ಸಂದರ್ಭ, ಯಾವುದೇ ಒಂದು ಮನೆಯ ಕಥೆ ಅಲ್ಲ. ಆದರೆ ಇಂಥ ಉಯಿಲು, ದಾನಪತ್ರ ನಮ್ಮ ಕಡೆ ಹೊಸದೂ ಅಲ್ಲ. ಅಂಗಡಿಯವರ 9 ವರ್ಷದ ಅಗ್ರಿಮೆಂಟ್ ನಿಜಕ್ಕೂ ಮುಗಿದುಹೋಯ್ತಾ? ಕಾನೂನಿನ ಪ್ರಕಾರ, ಆ ತಾಯಿಗೆ ಇದ್ದದ್ದು ಜೀವಿತಾವಧಿಯ ಹಕ್ಕು ಮಾತ್ರ ಆಗಿದ್ದರೆ, ಹೌದು. ಯಾಕೆ ಹೀಗೆ, ತಪ್ಪಿಸಿಕೊಳ್ಳೋದು ಹೇಗೆ ಎಂಬುದೇ ಈ ವಿವರಣೆ.

ಒಂದೇ ಆಸ್ತಿ, ಎರಡು ಹಕ್ಕು

'ಈ ಆಸ್ತಿ ಯಾರದು?' ಅಂತ ಕೇಳಿದರೆ ನಾವು ಒಂದೇ ಹೆಸರು ಹೇಳುತ್ತೇವೆ. ಕಾನೂನು ಹಾಗಲ್ಲ. ಅದು ಎರಡು ಪ್ರಶ್ನೆ ಕೇಳುತ್ತೆ. ಇವತ್ತು ಅನುಭವಿಸುವ ಹಕ್ಕು ಯಾರದು? ಅದು ಮುಗಿದ ಮೇಲೆ ಯಾರದು?

ಸಾಮಾನ್ಯವಾಗಿ ಎರಡಕ್ಕೂ ಉತ್ತರ ಒಬ್ಬರೇ. ಶುದ್ಧ ಕ್ರಯಪತ್ರದಿಂದ ಸೈಟು ಕೊಂಡವರು ಇವತ್ತಿಗೂ ಒಡೆಯರು, ನಾಳೆಗೂ ಒಡೆಯರು. ಆದರೆ ಉಯಿಲು, ದಾನಪತ್ರ, ವಿಭಾಗಪತ್ರಗಳಲ್ಲಿ ಈ ಎರಡನ್ನೂ ಬೇರೆ ಮಾಡಬಹುದು. ತಾಯಿಗೆ ಇವತ್ತಿನದು, ಮಗನಿಗೆ ನಾಳೆಯದು. ಆಗ ಇಬ್ಬರೂ ಒಡೆಯರೇ, ಆದರೆ ಇಬ್ಬರೂ ಪೂರ್ತಿ ಒಡೆಯರಲ್ಲ.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಮಗನ ಹಕ್ಕು 'ಮುಂದೆ ಬರೋದು', ಇವತ್ತಿಗೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ತಪ್ಪು. ಕೈಗೆ ಬರೋದು ಮುಂದೆ, ಹಕ್ಕು ಇರೋದು ಇವತ್ತೇ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ತಕರಾರು ಕಮ್ಮಿ ಆಗುತ್ತೆ.

ಹುಳಿಮಾವಿನಂಥ ಕಡೆ ಇದು ಹೆಚ್ಚು ಮುಖ್ಯ. ಬೇಗೂರು ಹೋಬಳಿಯ ಹಳ್ಳಿಯಾಗಿದ್ದ ಊರು ಇದು. ಹೊಲ ಇದ್ದ ಕಡೆ ರೆವಿನ್ಯೂ ಸೈಟು, ಆಮೇಲೆ ಲೇಔಟು, ಅಪಾರ್ಟ್‌ಮೆಂಟು ಬಂದವು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಈ ಭಾಗವೂ ಅದರೊಳಗೆ ಬಂತು. 2025ರಲ್ಲಿ ಬಿಬಿಎಂಪಿ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 5 ನಗರ ಪಾಲಿಕೆಗಳು ಬಂದಿವೆ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೊ ಗುಲಾಬಿ ಮಾರ್ಗದಲ್ಲಿ ಹುಳಿಮಾವಿಗೂ ನಿಲ್ದಾಣ ಇದೆ. ಆಡಳಿತ ಬದಲಾಯಿತು, ಬೆಲೆ ಏರಿತು. ಆದರೆ ಅಜ್ಜ ಬರೆದ ಉಯಿಲಿನ ಸಾಲು ಹಾಗೇ ಇದೆ. ಅದರ ಮೇಲೆ ನಿಂತಿರುವ ಹಣ ಮಾತ್ರ ದೊಡ್ಡದಾಗಿದೆ.

ತಾಯಿಯ ಹಕ್ಕು: ಇರುವವರೆಗೆ ಪೂರ್ತಿ, ನಂತರ ಇಲ್ಲ

ಬದುಕಿರುವವರೆಗೆ ಮಾತ್ರ ಇರುವ ಹಕ್ಕಿಗೆ ಆಜೀವ ಹಕ್ಕು ಅಂತಾರೆ. ವಕೀಲರ ಬಾಯಲ್ಲಿ ಲೈಫ್ ಇಂಟರೆಸ್ಟ್. ಇದು ದುರ್ಬಲ ಹಕ್ಕಲ್ಲ. ಆ ತಾಯಿ ಮನೆಯಲ್ಲಿ ಇರಬಹುದು, ಬಾಡಿಗೆಗೆ ಕೊಡಬಹುದು, ಬಾಡಿಗೆ ಪೂರ್ತಿ ತಾನೇ ಇಟ್ಟುಕೊಳ್ಳಬಹುದು. 'ನಾಳೆ ನಂದೇ ತಾನೆ' ಅಂತ ಮಗ ಆಕೆಯನ್ನು ಹೊರಗೆ ಹಾಕುವಂತಿಲ್ಲ, ಬಾಡಿಗೆಗೆ ಕೈ ಹಾಕುವಂತಿಲ್ಲ.

ಆದರೆ ತನ್ನ ಹತ್ತಿರ ಇಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡೋಕಾಗಲ್ಲ. ಆಕೆಯ ಹಕ್ಕು ಆಕೆಯ ಆಯುಷ್ಯದಷ್ಟು. ಹಾಗಾಗಿ ಆಕೆ ಕೊಟ್ಟ ಬಾಡಿಗೆ ಕರಾರಿನ ಆಯುಷ್ಯವೂ ಅಷ್ಟೇ. ಆಸ್ತಿ ವರ್ಗಾವಣೆ ಕಾಯ್ದೆ 1882ರ 111ನೇ ಸೆಕ್ಷನ್ನಿನಲ್ಲಿ ಇದು ಸ್ಪಷ್ಟವಾಗಿದೆ: ಬಾಡಿಗೆಗೆ ಕೊಟ್ಟವರ ಹಕ್ಕು ಯಾವ ಘಟನೆಯಿಂದ ಕೊನೆಯಾಗುತ್ತೋ, ಆ ಘಟನೆ ನಡೆದಾಗ ಬಾಡಿಗೆ ಕರಾರೂ ಕೊನೆಯಾಗುತ್ತೆ. ಅಗ್ರಿಮೆಂಟ್‌ನಲ್ಲಿ 9 ವರ್ಷ ಅಂತ ಇದ್ದರೂ, ನೋಂದಣಿ ಆಗಿದ್ದರೂ ಇಷ್ಟೇ.

ಅಂಗಡಿಯವರ ಕೈಯಲ್ಲಿ ಆಗ ಏನೂ ಉಳಿಯಲ್ಲ ಅಂತಲ್ಲ. ಬಲವಂತವಾಗಿ ಬೀಗ ಹಾಕಿ ಹೊರಗೆ ಕಳಿಸೋ ಹಾಗಿಲ್ಲ, ಖಾಲಿ ಮಾಡಿಸೋಕೆ ಕೋರ್ಟಿಗೇ ಹೋಗಬೇಕು. ತಾಯಿ ಪಡೆದ ಅಡ್ವಾನ್ಸ್ ಆಕೆಯ ಸಾಲ ಇದ್ದ ಹಾಗೆ. ಆಕೆ ತನ್ನದಾಗಿ ಬಿಟ್ಟುಹೋದ ಹಣ, ಒಡವೆ, ಬೇರೆ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ವಾರಸುದಾರರಿಂದ ಕೇಳಬಹುದು. ಆದರೆ ಈ ಕಟ್ಟಡ ಮಗನಿಗೆ ಬಂದದ್ದು ತಾಯಿಯಿಂದ ಅಲ್ಲ, ಅಪ್ಪನ ಉಯಿಲಿನಿಂದ. ಹಾಗಾಗಿ ತಾಯಿಯ ಕರಾರಿಗೆ ಮಗ ತಾನಾಗಿಯೇ ಕಟ್ಟುಬೀಳಲ್ಲ. ಮಗ ಒಪ್ಪಿ ಬಾಡಿಗೆ ತಗೊಳ್ಳುತ್ತಾ ಹೋದರೆ ಹೊಸ ಬಾಡಿಗೆ ಸಂಬಂಧ ಶುರುವಾಗುತ್ತೆ. ಅದು ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆ, ಹಳೆಯ 9 ವರ್ಷದ ಭರವಸೆ ಅಲ್ಲ.

ಮಗನ ಹಕ್ಕು: ಖಚಿತ, ಆದರೆ ಕಾಯಬೇಕು

ಮಗನದು ಖಚಿತವಾದ ಮುಂದಿನ ಹಕ್ಕು. ತಾಯಿ ಒಂದು ದಿನ ತೀರಿಕೊಳ್ಳುವುದು ನಿಶ್ಚಿತ. ಯಾವಾಗ ಅನ್ನೋದು ಮಾತ್ರ ಗೊತ್ತಿಲ್ಲ. ಹೀಗೆ ಬಂದೇ ಬರುವ ಘಟನೆಯ ಮೇಲೆ ನಿಂತ ಹಕ್ಕನ್ನು ಕಾಯ್ದೆಯ 19ನೇ ಸೆಕ್ಷನ್ 'ವೆಸ್ಟೆಡ್' ಹಕ್ಕು ಅನ್ನುತ್ತೆ. ಉಯಿಲಿನ ವಿಷಯದಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆ 1925 ಇದೇ ತತ್ವವನ್ನು ಹೇಳುತ್ತೆ.

ಇದರ ಪರಿಣಾಮ ಎರಡು. ಒಂದು, ಮಗ ಈ ಮುಂದಿನ ಹಕ್ಕನ್ನು ಇವತ್ತೇ ಮಾರಬಹುದು, ಅಡ ಇಡಬಹುದು. ಕೊಂಡವರು ತಾಯಿ ಇರುವವರೆಗೆ ಕಾಯಬೇಕು ಅಷ್ಟೇ. ಎರಡು, ತಾಯಿಗಿಂತ ಮೊದಲು ಮಗನೇ ತೀರಿಕೊಂಡರೆ ಆ ಹಕ್ಕು ಸಾಯಲ್ಲ, ಅವನ ವಾರಸುದಾರರಿಗೆ ಹೋಗುತ್ತೆ. ಹಿಂದೂ ಕುಟುಂಬವಾದರೆ, ಮಗ ಉಯಿಲು ಬರೆಯದೇ ಹೋಗಿದ್ದರೆ, ಅವನ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಅಂದರೆ ಇಷ್ಟು ದಿನ ಬಾಡಿಗೆ ಮಾತ್ರ ಪಡೆಯುತ್ತಿದ್ದ ತಾಯಿಗೆ ಅದೇ ಕಟ್ಟಡದಲ್ಲಿ ಮಗನ ಕಡೆಯಿಂದ ಪಾಲು ಬಂದುಬಿಡಬಹುದು. ಸೊಸೆ, ಅತ್ತೆ ಇಬ್ಬರೂ ಕೂತು ಮಾತಾಡಬೇಕಾದ ವಿಷಯ ಇದು.

'ಆದ್ರೆ' ಅಂತ ಬರೆದಿದ್ದರೆ ಕಥೆ ಬೇರೆ

'ಮಗಳು ಡಿಗ್ರಿ ಮುಗಿಸಿದರೆ ಈ ಸೈಟು ಅವಳಿಗೆ' ಅಂತ ಬರೆದಿದ್ದರೆ ಅದು ಷರತ್ತಿನ ಹಕ್ಕು. ಡಿಗ್ರಿ ಮುಗಿಯಬಹುದು, ಮುಗಿಯದೇ ಇರಬಹುದು. ಅಲ್ಲಿಯವರೆಗೆ ಹಕ್ಕು ಖಚಿತ ಅಲ್ಲ. ಷರತ್ತು ಈಡೇರುವುದೇ ಇಲ್ಲ ಅಂತಾದರೆ ಹಕ್ಕೂ ಇಲ್ಲ. ಕಾಯ್ದೆಯ 21ನೇ ಸೆಕ್ಷನ್ ಇದರದ್ದು.

'ನಂತರ' ಅನ್ನುವ ಪದಕ್ಕೂ 'ಆದರೆ' ಅನ್ನುವ ಪದಕ್ಕೂ ಇಷ್ಟು ದೂರ. 'ನನ್ನ ಹೆಂಡತಿಯ ನಂತರ ಮಗನಿಗೆ' ಅಂದರೆ ಖಚಿತ. 'ನನ್ನ ಹೆಂಡತಿ ತೀರಿಕೊಂಡಾಗ ಮಗ ಬದುಕಿದ್ದರೆ ಮಗನಿಗೆ' ಅಂದರೆ ಷರತ್ತು. ಎರಡನೆಯ ಸಾಲಿನಲ್ಲಿ ಮಗ ಮೊದಲು ಹೋದರೆ ಸೊಸೆ, ಮೊಮ್ಮಕ್ಕಳಿಗೆ ಆ ಸಾಲಿನಿಂದ ಏನೂ ಸಿಗಲ್ಲ. ಉಯಿಲು ಬರೆಸುವಾಗ ಟೈಪಿಂಗ್ ಅಂಗಡಿಯ ಹಳೇ ನಮೂನೆಗೆ ಹೆಸರು ತುಂಬಿಸಿದರೆ ಆಗುವ ಅಪಾಯ ಇದೇ.

ಬರೀ ಆಸೆಯನ್ನು ಮಾರೋಕಾಗಲ್ಲ

'ಅಪ್ಪನ ಮನೇಲಿ ನನ್ನ ಪಾಲು ಹೇಗಿದ್ರೂ ಬರುತ್ತೆ, ಈಗಲೇ ನಿಮಗೆ ಬರೆದುಕೊಡ್ತೀನಿ, ಅಡ್ವಾನ್ಸ್ ಕೊಡಿ' ಅನ್ನುವವರೂ ಇದ್ದಾರೆ. ಇಲ್ಲಿ ಎಚ್ಚರ ಬೇಕು. ಅಪ್ಪ ಬದುಕಿದ್ದು, ಆಸ್ತಿ ಅವರ ಸ್ವಯಾರ್ಜಿತವಾಗಿದ್ದರೆ ಮಕ್ಕಳಿಗೆ ಅದರಲ್ಲಿ ಇರೋದು ಬರೀ ನಿರೀಕ್ಷೆ. ಅಪ್ಪ ನಾಳೆ ಅದನ್ನು ಮಾರಬಹುದು, ಬೇರೆಯವರಿಗೆ ಬರೆಯಬಹುದು. ಈ ನಿರೀಕ್ಷೆಯನ್ನು ವರ್ಗಾಯಿಸಲು ಬರಲ್ಲ ಅಂತ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತೆ. ಅಪ್ಪ ಇರುವಾಗಲೇ ಮದುವೆಯಾದ ಮಗಳಿಂದ 'ಮುಂದಿನ ಪಾಲು ಬೇಡ' ಅಂತ ಬರೆಸಿಕೊಳ್ಳುವ ರಿಲೀಸ್ ಡೀಡ್‌ಗೂ ಸಾಮಾನ್ಯವಾಗಿ ಇದೇ ಗತಿ.

ಪಿತ್ರಾರ್ಜಿತ ಅವಿಭಕ್ತ ಆಸ್ತಿ ಹಾಗಲ್ಲ. ಅದರಲ್ಲಿ ಹಿಂದೂ ಕುಟುಂಬದ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು, ಅದು ಇವತ್ತಿನ ಹಕ್ಕು. ಹೆಣ್ಣುಮಕ್ಕಳಿಗೂ ಅಷ್ಟೇ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಅಂತ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಹಳ್ಳಿಯ ಹಳೇ ಕುಟುಂಬಗಳಿಂದ ಸೈಟು ಕೊಳ್ಳುವವರು ವಂಶವೃಕ್ಷ ಕೇಳುವುದು ಇದಕ್ಕೇ. ಗಂಡುಮಕ್ಕಳ ಸಹಿ ಮಾತ್ರ ಇದ್ದು ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ಮುಂದೆ ದಾವೆ ಬರೋದು ಆಶ್ಚರ್ಯ ಅಲ್ಲ.

ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ತಿಳಿಯುವುದೂ ತಪ್ಪು. ಅಜ್ಜನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಅಪ್ಪನಿಗೆ ಬಂದಿದ್ದರೆ ಅದು ಅಪ್ಪನ ಸ್ವಂತ ಆಸ್ತಿ. 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಹೆಣ್ಣುಮಕ್ಕಳ ಆಜೀವ ಹಕ್ಕು: ಇನ್ನೂ ಮುಗಿಯದ ಪ್ರಶ್ನೆ

ಹಾರ್ಡ್‌ವೇರ್ ಅಂಗಡಿಯ ಉದಾಹರಣೆಯಲ್ಲಿ ಒಂದು ತಿರುವು ಇದೆ. ಉಯಿಲಿನಲ್ಲಿ ಆಜೀವ ಹಕ್ಕು ಅಂತ ಬರೆದ ಮಾತ್ರಕ್ಕೆ ಆ ತಾಯಿಯದು ಆಜೀವ ಹಕ್ಕೇ ಅಂತ ಹೇಳೋಕಾಗಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ನಿನ ಮೊದಲ ಭಾಗದ ಪ್ರಕಾರ ಹಿಂದೂ ಹೆಣ್ಣುಮಗಳ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆ ಪೂರ್ಣ ಒಡತಿ. ಎರಡನೇ ಭಾಗದ ಪ್ರಕಾರ, ಉಯಿಲು ಅಥವಾ ದಾನಪತ್ರದಲ್ಲೇ ಮಿತಿ ಹಾಕಿ ಕೊಟ್ಟಿದ್ದರೆ ಆ ಮಿತಿ ಉಳಿಯುತ್ತೆ. 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಹಳೆಯ ಹಕ್ಕಿಗೆ ಬದಲಾಗಿ ಆಸ್ತಿ ಕೊಟ್ಟಿದ್ದರೆ ಮಿತಿ ಬರೆದಿದ್ದರೂ ಆಕೆಯೇ ಪೂರ್ಣ ಒಡತಿ ಅಂದಿತು. 2022ರ ಜೋಗಿ ರಾಮ್ ಪ್ರಕರಣದಲ್ಲಿ, ಗಂಡ ಉಯಿಲಿನ ಮೂಲಕ ಮಿತಿ ಹಾಕಿ ಕೊಟ್ಟ ಹಕ್ಕು ಮಿತಿಯಾಗಿಯೇ ಉಳಿಯುತ್ತೆ ಅಂದಿತು. ಈ ಎರಡು ಬಗೆಯ ತೀರ್ಪುಗಳ ಗೊಂದಲ ಬಗೆಹರಿಸಲು 2024ರ ಡಿಸೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ಅಂಗಡಿಯವರಿಗೆ, ಕೊಳ್ಳುವವರಿಗೆ ಇದರ ಅರ್ಥ ಸರಳ. ಇಂಥ ಉಯಿಲು ಇರುವ ಆಸ್ತಿಯಲ್ಲಿ 'ಅಮ್ಮನೇ ಪೂರ್ಣ ಒಡತಿ' ಅಂತ ಒಬ್ಬ ವಕೀಲರು, 'ಅಲ್ಲ' ಅಂತ ಇನ್ನೊಬ್ಬರು ವಾದಿಸಬಹುದು. ಕೋರ್ಟಿನಲ್ಲಿ ಗೆಲ್ಲೋರು ಯಾರು ಅಂತ ಕಾಯುವ ಬದಲು ಇಬ್ಬರ ಸಹಿಯನ್ನೂ ಮೊದಲೇ ಪಡೆಯೋದು ಜಾಣತನ.

ಅಪ್ಪ ಅಮ್ಮ ಬರೆಯುವ ಮೊದಲು

ವಯಸ್ಸಾದ ತಂದೆ ತಾಯಿ ಮಕ್ಕಳಿಗೆ ಮನೆ ಬರೆದುಕೊಡುವಾಗ ಎರಡು ದಾರಿ ಇವೆ.

ಉಯಿಲು ಬರೆದವರು ತೀರಿಕೊಂಡ ಮೇಲೆ ಮಾತ್ರ ಜಾರಿಗೆ ಬರುತ್ತೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ಊರ್ಜಿತ. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯ ಅಲ್ಲ. ಅಲ್ಲಿಯವರೆಗೆ ಮಕ್ಕಳಿಗೆ ಯಾವ ಹಕ್ಕೂ ಹುಟ್ಟಲ್ಲ.

ದಾನಪತ್ರ ಹಾಗಲ್ಲ. ನೋಂದಣಿ ಆಗಿ, ಪಡೆದವರು ಒಪ್ಪಿಕೊಂಡರೆ ಅವತ್ತೇ ಹಕ್ಕು ದಾಟುತ್ತೆ. ಮನಸ್ಸು ಬದಲಾಯಿತು ಅಂತ ಕೊಟ್ಟವರು ತಾವೊಬ್ಬರೇ ರದ್ದು ಪತ್ರ ಬರೆದರೆ ನಿಲ್ಲಲ್ಲ. ರಕ್ತಸಂಬಂಧಿಗಳಿಗೆ ದಾನಪತ್ರದ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಕಮ್ಮಿ ಅಂತ ಅವಸರದಲ್ಲಿ ಬರೆದುಕೊಟ್ಟು, ಆಮೇಲೆ ಅದೇ ಮನೆಯಲ್ಲಿ ಮಕ್ಕಳ ಮರ್ಜಿಯಲ್ಲಿ ಇರುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ.

ಇದಕ್ಕೆ ನಡುವಿನ ದಾರಿಯೊಂದಿದೆ. ದಾನಪತ್ರದಲ್ಲೇ 'ನಾವಿಬ್ಬರೂ ಬದುಕಿರುವವರೆಗೆ ಮನೆಯಲ್ಲಿ ವಾಸ ಮಾಡುವ, ಬಾಡಿಗೆ ಪಡೆಯುವ ಹಕ್ಕು ನಮ್ಮದೇ' ಅಂತ ಬರೆದು ಉಳಿಸಿಕೊಳ್ಳಬಹುದು. ಸ್ವಾಧೀನ ಬಿಟ್ಟುಕೊಡದೇ ಇದ್ದರೂ ಇಂಥ ದಾನಪತ್ರ ಊರ್ಜಿತ ಅಂತ 2014ರ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವತ್ತಿನದು ಹಿರಿಯರಿಗೆ, ನಾಳೆಯದು ಮಕ್ಕಳಿಗೆ. ಆದರೆ 'ಮಗ ಈ ಆಸ್ತಿಯನ್ನು ಎಂದೆಂದಿಗೂ ಯಾರಿಗೂ ಮಾರಕೂಡದು' ಅಂತ ಬರೆದರೆ ಆ ಷರತ್ತು ಸಾಮಾನ್ಯವಾಗಿ ನಿಲ್ಲಲ್ಲ. ಕಾಯ್ದೆಯ 10ನೇ ಸೆಕ್ಷನ್ ಇಂಥ ಪೂರ್ಣ ನಿರ್ಬಂಧವನ್ನು ಒಪ್ಪಲ್ಲ.

'ನಮ್ಮನ್ನು ನೋಡಿಕೊಳ್ಳಬೇಕು' ಅನ್ನುವ ಸಾಲೂ ಇರಲಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತಿಗೆ ತಪ್ಪಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ಷರತ್ತು ಇತ್ತು ಅಂತ ತೋರಿಸಲೇಬೇಕು ಅಂತ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು, ನ್ಯಾಯಮಂಡಳಿ ಸ್ವಾಧೀನ ವಾಪಸ್ ಕೊಡಿಸಲೂಬಹುದು ಅಂದಿತು. ಒಂದು ಸಾಲು ಬರೆಸಿದರೆ ಮುಂದಿನ ಜಗಳಕ್ಕೆ ಉತ್ತರ ಸಿದ್ಧ ಇದ್ದ ಹಾಗೆ.

ಇನ್ನೂ ಹುಟ್ಟದ ಮೊಮ್ಮಗುವಿಗೆ ನೇರವಾಗಿ ದಾನ ಬರೆಯೋಕಾಗಲ್ಲ. ಮೊದಲು ಬದುಕಿರುವ ಒಬ್ಬರಿಗೆ ಆಜೀವ ಹಕ್ಕು ಕೊಟ್ಟು, ಉಳಿದ ಹಕ್ಕನ್ನು ಪೂರ್ತಿಯಾಗಿ ಆ ಮಗುವಿಗೆ ಬರೆಯಬೇಕು. ಮುಸ್ಲಿಂ ಕುಟುಂಬಗಳ ಹಿಬಾ ದಾನಕ್ಕೆ ಬೇರೆ ನಿಯಮ ಇದೆ. ಅಲ್ಲಿ ಸ್ವಾಧೀನ ಬಿಟ್ಟುಕೊಡುವುದು ಮುಖ್ಯ. ಉಯಿಲಿನಲ್ಲೂ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲು ಬರಲ್ಲ. ಅಂಥವರು ಮೇಲಿನ ದಾನಪತ್ರದ ಮಾದರಿಯನ್ನು ಹಾಗೇ ಅನುಸರಿಸದೆ ವಕೀಲರನ್ನು ಕೇಳುವುದು ಒಳ್ಳೇದು.

11 ತಿಂಗಳ ಅಗ್ರಿಮೆಂಟ್, ಭೋಗ್ಯ, ಜಿಪಿಎ

ಅಂಗಡಿಯವರ ಕೈಯಲ್ಲಿರುವುದು ಯಾವ ಹಕ್ಕು? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು 11 ತಿಂಗಳ ಅಗ್ರಿಮೆಂಟ್ ರೂಢಿಯಲ್ಲಿದೆ. ಹತ್ತು ವರ್ಷದಿಂದ ಅದೇ ಜಾಗದಲ್ಲಿ ವ್ಯಾಪಾರ ಮಾಡುತ್ತಿದ್ದರೂ ಕಾಗದದ ಮೇಲೆ ಇರುವ ಹಕ್ಕು 11 ತಿಂಗಳದು. ಅದೂ ಮುಗಿದು ಸುಮ್ಮನೆ ಬಾಡಿಗೆ ಕೊಡುತ್ತಾ ಹೋದರೆ ತಿಂಗಳಿಂದ ತಿಂಗಳಿಗೆ. ಕರಾರಿನಲ್ಲಿ ಬೇರೆ ಏನೂ ಇಲ್ಲದಿದ್ದರೆ 15 ದಿನದ ನೋಟಿಸ್ ಸಾಕು. ಲಕ್ಷಾಂತರ ರೂಪಾಯಿ ಇಂಟೀರಿಯರ್‌ಗೆ ಹಾಕುವವರು ನೋಂದಾಯಿತ ದೀರ್ಘ ಕರಾರಿಗೆ ಹೋಗುವುದೇ ಸರಿ. ಒಂದು ಸಮಾಧಾನ ಇದೆ. ಪೂರ್ಣ ಒಡೆಯರು ಕಟ್ಟಡ ಮಾರಿದರೆ ಊರ್ಜಿತ ಕರಾರು ಮುರಿಯಲ್ಲ, ಕೊಂಡವರೇ ಹೊಸ ಮಾಲೀಕರಾಗಿ ಅದಕ್ಕೆ ಬದ್ಧರು.

ತಿಂಗಳ ಬಾಡಿಗೆ ಇಲ್ಲದೆ ಇಡಿಗಂಟು ಕೊಟ್ಟು ಮನೆಗೆ ಹೋಗುವುದನ್ನು ಇಲ್ಲಿ 'ಲೀಸ್‌ಗೆ ಹಾಕ್ಕೊಳ್ಳೋದು', 'ಭೋಗ್ಯ' ಅಂತಾರೆ. ಭೋಗ್ಯ ಒಂದು ಬಗೆಯ ಅಡಮಾನ. ಇವತ್ತಿನ ಅನುಭವ ಹಣ ಕೊಟ್ಟವರದು, ಹಣ ವಾಪಸ್ ಕೊಟ್ಟ ದಿನ ಮನೆ ಬಿಡಿಸಿಕೊಳ್ಳುವ ಹಕ್ಕು ಮಾಲೀಕರದು. ಇದಕ್ಕೂ ನೋಂದಣಿ ಬೇಕು. ಛಾಪಾ ಕಾಗದದ ಮೇಲೆ ನೋಟರಿ ಸೀಲು ಹಾಕಿಸಿದರೆ ಸಾಲದು. ಮನೆ ಅದಕ್ಕೂ ಮೊದಲೇ ಬ್ಯಾಂಕಿಗೆ ಅಡ ಇದ್ದರೆ ಬ್ಯಾಂಕಿನ ಹಕ್ಕು ಮೊದಲು. ಭೋಗ್ಯಕ್ಕೆ ಕೊಟ್ಟವರದೇ ಆಜೀವ ಹಕ್ಕಾಗಿದ್ದರೆ ಹಾರ್ಡ್‌ವೇರ್ ಅಂಗಡಿಯ ಕಥೆಯೇ ಇಲ್ಲೂ.

ಸೈಟು ಕೊಳ್ಳುವವರಿಗೂ ಇದೇ ಪ್ರಶ್ನೆ. ಮಾರಾಟದ ಕರಾರು ಮಾಡಿಕೊಂಡು ಮುಂಗಡ ಕೊಟ್ಟ ಮಾತ್ರಕ್ಕೆ ಸೈಟಿನಲ್ಲಿ ಹಕ್ಕು ಹುಟ್ಟಲ್ಲ. ಕ್ರಯಪತ್ರ ಮಾಡಿಕೊಡಿ ಅಂತ ಕೋರ್ಟಿನಲ್ಲಿ ಕೇಳುವ ಹಕ್ಕು ಮಾತ್ರ ಸಿಗುತ್ತೆ. ಜಿಪಿಎ ಮೇಲೆ ಕೊಂಡಿದ್ದೇವೆ ಅನ್ನುವವರಿಗೂ ಒಡೆತನ ಬಂದಿಲ್ಲ ಅಂತ 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬಿಡಿಎ ಸೈಟುಗಳಲ್ಲೂ 1984ರ ಹಂಚಿಕೆ ನಿಯಮಗಳಡಿ ಬಹಳ ಕಾಲ ನಡೆದದ್ದು ಲೀಸ್ ಕಮ್ ಸೇಲ್ ಪದ್ಧತಿ. ಮೊದಲ 10 ವರ್ಷ ಸೈಟು ಪಡೆದವರು ಗೇಣಿದಾರರು. ಷರತ್ತು ಪಾಲಿಸಿದ ಮೇಲೆ ಕ್ರಯಪತ್ರ ಬಂದಾಗಲೇ ಒಡೆಯರು. ಹಳೇ ಬಿಡಿಎ ಸೈಟು ಕೊಳ್ಳುವಾಗ ಆ ಕೊನೆಯ ಕ್ರಯಪತ್ರ ಇದೆಯೇ ಅಂತ ನೋಡುವುದು ಇದಕ್ಕೇ.

ಹಣ ಕೊಡುವ ಮೊದಲು ಏನು ನೋಡಬೇಕು?

* ಖಾತೆ ನೋಡಿ, ಆದರೆ ಖಾತೆಯನ್ನೇ ನಂಬಬೇಡಿ. ಖಾತೆ, ಇ-ಖಾತೆ ತೆರಿಗೆಗೆ ಸಂಬಂಧಿಸಿದ ದಾಖಲೆ. ಹೆಸರು ಇರುವವರದು ಪೂರ್ಣ ಒಡೆತನವೋ ಆಜೀವ ಹಕ್ಕೋ ಅಂತ ಅದರಿಂದ ತೀರ್ಮಾನ ಆಗಲ್ಲ.

* ಖಾತೆ ಆ ಹೆಸರಿಗೆ ಯಾವ ಪತ್ರದ ಮೇಲೆ ಬಂತು ಅಂತ ಕೇಳಿ. ಕ್ರಯಪತ್ರವೇ, ವಿಭಾಗವೇ, ದಾನವೇ, ಉಯಿಲೇ, ಪೌತಿಯೇ? ಆ ಪತ್ರವನ್ನು ಪೂರ್ತಿ ಓದಿಸಿ. 'ಜೀವಿತಾವಧಿ', 'ನಂತರ', 'ಅನುಭವಿಸಿಕೊಂಡು', 'ಪರಭಾರೆ ಮಾಡತಕ್ಕದ್ದಲ್ಲ' ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿ.

* ಕಾವೇರಿ ಪೋರ್ಟಲ್‌ನಲ್ಲಿ ಇಸಿ ತೆಗೆಸಿ. ಕ್ರಯ, ದಾನ, ಅಡಮಾನ ಇದರಲ್ಲಿ ಕಾಣುತ್ತವೆ. ಆದರೆ ಉಯಿಲು ನೋಂದಣಿ ಆಗಿದ್ದರೂ ಇಸಿಯಲ್ಲಿ ಬರಲ್ಲ. ಅದಕ್ಕೆ ಬೇರೆ ಪುಸ್ತಕ ಇದೆ.

* ಯಜಮಾನರು ತೀರಿಕೊಂಡಿದ್ದರೆ ಉಯಿಲು ಇತ್ತೇ ಅಂತ ನೇರವಾಗಿ ಕೇಳಿ. ನೋಂದಾಯಿತ ಉಯಿಲಿನ ನಕಲನ್ನು ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಕೊಡಲ್ಲ. ತೀರಿಕೊಂಡ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು.

* ಇವತ್ತಿನ ಹಕ್ಕುದಾರರು, ನಾಳೆಯ ಹಕ್ಕುದಾರರು ಇಬ್ಬರೂ ಒಂದೇ ಪತ್ರಕ್ಕೆ ಸಹಿ ಹಾಕಲಿ. ಎರಡು ಹಕ್ಕು ಸೇರಿದರೆ ಪೂರ್ತಿ ಆಸ್ತಿ.

ವಕೀಲರ ಫೀಸು ಕಷ್ಟ ಅನ್ನುವವರು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ.

ಮತ್ತೆ ಆ ಅಂಗಡಿಗೆ

ಹಾರ್ಡ್‌ವೇರ್ ಅಂಗಡಿಯವರು ಅಗ್ರಿಮೆಂಟ್ ಮಾಡಿಕೊಂಡ ದಿನ ಕೇಳಬೇಕಾಗಿದ್ದದ್ದು ಒಂದೇ ಮಾತು: "ಅಮ್ಮಾವ್ರೇ, ಈ ಜಾಗ ನಿಮಗೆ ಹೇಗೆ ಬಂತು?" ಉಯಿಲು ಹೊರಗೆ ಬರುತ್ತಿತ್ತು. ಅದೇ ಅಗ್ರಿಮೆಂಟ್‌ನಲ್ಲಿ ಮಗನನ್ನೂ ಸೇರಿಸಿ, 'ತಾಯಿಯ ನಂತರವೂ ಉಳಿದ ಅವಧಿಗೆ ಈ ಕರಾರಿಗೆ ಬದ್ಧ, ಅಡ್ವಾನ್ಸ್ ವಾಪಸ್ ಕೊಡುವ ಹೊಣೆ ನನ್ನದೂ' ಅಂತ ಸಹಿ ಮಾಡಿಸಿ ನೋಂದಣಿ ಮಾಡಿದ್ದರೆ 9 ವರ್ಷ ನಿಶ್ಚಿಂತೆ.

ಅದನ್ನು ಕೇಳಿದರೆ ಎಲ್ಲಿ ಬೇಜಾರಾಗ್ತಾರೋ ಅನ್ನುವ ಸಂಕೋಚ ಎಲ್ಲರಿಗೂ ಇರುತ್ತೆ. ತಾಯಿಗೂ ಅದರಿಂದ ಒಳ್ಳೇದೇ, ಒಳ್ಳೆ ಬಾಡಿಗೆದಾರರು ಉಳಿಯುತ್ತಾರೆ. ಮಗನಿಗೂ ಒಳ್ಳೇದೇ, ಮುಂದೆ ಕೋರ್ಟು ಕಚೇರಿ ಅಲೆಯೋದು ತಪ್ಪುತ್ತೆ. 11 ಲಕ್ಷ ಹಾಕುವ ಮೊದಲು ಇನ್ನೊಂದು ಸಹಿ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.